ಬಡಾವಣೆಯ ಬಯಲು

ಸಾಯಂಕಾಲ ಐದೂವರೆ ಗಂಟೆಯ ಹೊತ್ತು. ರಾಜಾಜಿನಗರದ, ಇಲ್ಲವೆ ವಿಜಯನಗರದ ಯಾವುದಾದರೊಂದು ಸಣ್ಣ ಉದ್ಯಾನದ ಬಾಗಿಲಲ್ಲಿ ಹತ್ತು ನಿಮಿಷ ನಿಂತು ನೋಡಿ. ಹಾಸುಗಲ್ಲಿನ ದಾರಿಯಲ್ಲಿ ವಯಸ್ಸಾದವರು ಒಂದೇ ದಿಕ್ಕಿಗೆ ಸುತ್ತು ಹಾಕುತ್ತಿರುತ್ತಾರೆ. ಹೊಂಗೆಯ ಮರದ ಕೆಳಗಿನ ಬೆಂಚಿನಲ್ಲಿ ನಾಲ್ವರು ಗೃಹಿಣಿಯರು ಮಾತಿಗೆ ಕುಳಿತಿರುತ್ತಾರೆ. ನಡುವಣ ಹುಲ್ಲಿನ ಮೇಲೆ ಆರೇಳು ಹುಡುಗರು ಒಂದು ರಬ್ಬರು ಚೆಂಡನ್ನು ಹಿಡಿದುಕೊಂಡು, ಆಡಲೋ ಬೇಡವೋ ಎಂದು ಅತ್ತಿತ್ತ ನೋಡುತ್ತಿರುತ್ತಾರೆ. ಅವರ ತಲೆಯ ಮೇಲೇ ‘ಇಲ್ಲಿ ಆಟವಾಡಕೂಡದು’ ಎಂಬ ಫಲಕ. ಧೈರ್ಯಮಾಡಿ ಒಬ್ಬ ಚೆಂಡನ್ನು ಎಸೆಯುತ್ತಾನೆ. ಅದು ಸುತ್ತು ಹಾಕುತ್ತಿದ್ದ ಹಿರಿಯರೊಬ್ಬರ ಮೊಣಕಾಲಿಗೆ ತಗಲುತ್ತದೆ.

“ಏನ್ರಪ್ಪಾ, ಇದು ಆಡೋ ಜಾಗಾನಾ? ಮೈದಾನಕ್ಕೆ ಹೋಗಿ ಆಡ್ಕೊಳ್ಳಿ!”

“ಮೈದಾನ ಎಲ್ಲಿದೆ ತಾತಾ?”

ಹುಡುಗನ ಪ್ರಶ್ನೆಯಲ್ಲಿ ಉದ್ಧಟತನವಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಿಲ್ಲ. ತಾತನವರಿಗೂ ಥಟ್ಟನೆ ಉತ್ತರ ಹೊಳೆಯುವುದಿಲ್ಲ. ಇಬ್ಬರ ಮಾತಿನಲ್ಲೂ ನ್ಯಾಯವುಂಟು. ಮೊಣಕಾಲಿನ ನೋವಿರುವವರಿಗೆ ನಿಶ್ಚಿಂತೆಯಾಗಿ ನಡೆಯಲು ದಾರಿ ಬೇಕು; ಹತ್ತು ವರ್ಷದ ಹುಡುಗನಿಗೆ ಓಡಲು ನೆಲ ಬೇಕು. ಇಬ್ಬರನ್ನೂ ಒಂದೇ ಅಂಗೈಯಗಲದ ಜಾಗಕ್ಕೆ ತಂದು ನಿಲ್ಲಿಸಿದ ಮೇಲೆ ಜಗಳ ಆಗದೆ ಇನ್ನೇನಾದೀತು? ನಮ್ಮ ಬಡಾವಣೆಗಳಲ್ಲಿ ಬಯಲು ಎಲ್ಲಿಂದ ಬಂತು, ಎಷ್ಟು ಉಳಿದಿದೆ, ಅದರಿಂದ ನಮಗಾಗುವ ಉಪಕಾರವೇನು, ಅದನ್ನು ಕಾಪಾಡುವ ಬಗೆ ಹೇಗೆ ಎಂಬುದನ್ನು ಇಲ್ಲಿ ಕ್ರಮವಾಗಿ ವಿಚಾರಮಾಡಬಹುದು.

ಮೊದಲು ಹೆಸರುಗಳನ್ನು ಸರಿಯಾಗಿ ತಿಳಿದುಕೊಳ್ಳೋಣ. ಉದ್ಯಾನ, ಆಟದ ಮೈದಾನ, ಬಯಲು ಜಾಗ — ಈ ಮೂರೂ ಒಂದೇ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಕಾನೂನು ಹಾಗೆ ಭಾವಿಸುವುದಿಲ್ಲ. ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳನ್ನು ಸಂರಕ್ಷಿಸುವುದಕ್ಕಾಗಿಯೇ 1985ರ ಕಾಯಿದೆಯೊಂದಿದೆ. ಅದರ ಪ್ರಕಾರ ಉದ್ಯಾನವೆಂದರೆ ಮರ, ಗಿಡ, ಹೂವಿನ ಪಾತಿ ಅಥವಾ ಹುಲ್ಲುಹಾಸುಗಳಿಂದ ಕೂಡಿ, ಸಾರ್ವಜನಿಕರ ವಿಹಾರಕ್ಕೂ ಗಾಳಿಬೆಳಕಿಗೂ ಮೀಸಲಾದ ಜಾಗ. ಅದರಲ್ಲಿ ಕಟ್ಟಡವೇ ಇರಬಾರದು. ಇದ್ದರೂ ಒಟ್ಟು ನೆಲದ ಇಪ್ಪತ್ತರಲ್ಲಿ ಒಂದು ಪಾಲನ್ನು ಮೀರಕೂಡದು. ಬಯಲು ಜಾಗಕ್ಕೂ ಇದೇ ಮಿತಿ. ಆಟದ ಮೈದಾನವೆಂದರೆ ಆಟಪಾಟಗಳಿಗೆಂದು ಸಜ್ಜುಗೊಳಿಸಿದ ನೆಲ. ಹೀಗಾಗಿ ಒಂದು ಬಡಾವಣೆಗೆ ಉದ್ಯಾನವಿದ್ದ ಮಾತ್ರಕ್ಕೆ ಮೈದಾನವೂ ಇದ್ದಂತಾಗಲಿಲ್ಲ. ಅಡಿಗೆಮನೆಯಿದೆಯೆಂದು ಪಡಸಾಲೆ ಬೇಡವೆನ್ನಲಾದೀತೆ? ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕುಗಳಂಥ ದೊಡ್ಡ ಸರ್ಕಾರಿ ಉದ್ಯಾನಗಳಿಗೆ 1975ರ ಬೇರೆಯೇ ಒಂದು ಕಾಯಿದೆಯ ರಕ್ಷಣೆಯಿದೆ. ನಮ್ಮ ಬೀದಿಯ ಕೊನೆಯ ಅರ್ಧ ಎಕರೆಗೆ ಆಸರೆಯಾಗಿರುವುದು 1985ರ ಕಾಯಿದೆ.

ಈ ಹೆಸರುಗಳು ಹೊಸವಾದರೂ ಬಯಲಿನ ಆವಶ್ಯಕತೆ ಹೊಸದಲ್ಲ. ಪಶ್ಚಿಮ ಬೆಂಗಳೂರು ನಗರವಾಗುವುದಕ್ಕೆ ಮೊದಲು ಹಳ್ಳಿಗಳ ಗುಂಪಾಗಿತ್ತು. ಸಾಣೆಗುರುವನಹಳ್ಳಿ, ಕೇತಮಾರನಹಳ್ಳಿ, ಶಿವನಹಳ್ಳಿ, ಮಾರೇನಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ, ಅಗ್ರಹಾರ ದಾಸರಹಳ್ಳಿ, ಕೆಂಪಾಪುರ ಅಗ್ರಹಾರ — ಈ ಹೆಸರುಗಳು ಇಂದಿಗೂ ಬಸ್ಸಿನ ಫಲಕಗಳ ಮೇಲೂ ಅಂಗಡಿಗಳ ಮೇಲೂ ಕಾಣಿಸುತ್ತವೆ. ನಮ್ಮ ಸೀಮೆಯ ಹಳ್ಳಿಗೆ ನಾಲ್ಕು ಬಗೆಯ ಬಯಲುಗಳಿರುತ್ತಿದ್ದುವು. ನೀರಿಗೆ ಕೆರೆ, ದನಕರು ಮೇಯಲು ಗೋಮಾಳ, ನೆರಳಿಗೆ ಮಾವು, ಹಲಸು, ನೇರಳೆ, ಹುಣಿಸೆಗಳ ಗುಂಡುತೋಪು, ಊರ ನಡುವೆ ಅರಳಿಮರದ ಕಟ್ಟೆ. ತೋಪು ಯಾರೊಬ್ಬರ ಸ್ವತ್ತೂ ಅಲ್ಲ, ಎಲ್ಲರದೂ ಹೌದು. ದಾರಿಹೋಕನು ಅಲ್ಲಿ ಬುತ್ತಿ ಬಿಚ್ಚುತ್ತಿದ್ದ, ಜಾತ್ರೆಯ ಗಾಡಿಗಳು ಅಲ್ಲಿ ತಂಗುತ್ತಿದ್ದುವು, ಹುಡುಗರು ಅಲ್ಲಿ ಮರಕೋತಿ ಆಡುತ್ತಿದ್ದರು. ಕಟ್ಟೆಯ ಮೇಲೆ ನಾಗರಕಲ್ಲು, ಕಟ್ಟೆಯ ಸುತ್ತ ನ್ಯಾಯಪಂಚಾಯಿತಿ. ಉದ್ಯಾನವೆಂಬ ಮಾತನ್ನು ಕೇಳದೆಯೇ ಹಳ್ಳಿಯವರು ಉದ್ಯಾನದ ಸುಖವನ್ನೆಲ್ಲ ಅನುಭವಿಸುತ್ತಿದ್ದರು. ನಗರ ಬಂದಾಗ ಹೊಲಗದ್ದೆಗಳೊಂದಿಗೆ ಈ ನಾಲ್ಕು ಬಯಲುಗಳೂ ಅದರ ನಕ್ಷೆಯೊಳಗೆ ಬಿದ್ದುವು.

ಇವುಗಳಲ್ಲಿ ಕೆರೆಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ಪಶ್ಚಿಮ ಬೆಂಗಳೂರಿನ ಎಷ್ಟೋ ಉದ್ಯಾನ, ಮೈದಾನಗಳ ಮೂಲವಿರುವುದು ಅಲ್ಲಿ. ಬೆಂಗಳೂರು ಒಂದು ದಿಬ್ಬದ ಮೇಲೆ ಕುಳಿತ ಊರು. ದಿಬ್ಬದ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಯ ಕಡೆಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿಯಾಗಿ, ಮೈಸೂರು ರಸ್ತೆಯ ಪಕ್ಕದಲ್ಲಿ ಕೆಂಗೇರಿಯನ್ನು ದಾಟಿ, ಬೈರಮಂಗಲದ ಕೆರೆಯನ್ನು ತುಂಬಿ, ಅರ್ಕಾವತಿಯನ್ನೂ ಕಡೆಗೆ ಕಾವೇರಿಯನ್ನೂ ಸೇರುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಊರಾದ್ದರಿಂದ ಹಿಂದಿನವರು ಇಳಿಜಾರಿನ ಉದ್ದಕ್ಕೂ ಏರಿ ಹಾಕಿ ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಹೋಗಬೇಕು. ಅದು ತುಂಬಿದರೆ ಮುಂದಿನದಕ್ಕೆ. ಹೀಗೆ ಕೆರೆಗಳೆಲ್ಲ ಸರದ ಮಣಿಗಳಂತೆ ಒಂದಕ್ಕೊಂದು ಪೋಣಿಸಿಕೊಂಡಿದ್ದುವು. ಈ ಮಣಿಗಳನ್ನು ಹಿಡಿದಿದ್ದ ದಾರವೇ ರಾಜಕಾಲುವೆ.

1896ರಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರದ ನೀರು, 1974ರಲ್ಲಿ ಕಾವೇರಿಯ ನೀರು ಬಂದುವು. ನಲ್ಲಿಯಲ್ಲಿ ನೀರು ಬಂದ ಮೇಲೆ ಊರೊಳಗಣ ಕೆರೆಯ ಕಡೆ ನೋಡುವವರು ಯಾರು? ಹೂಳೆತ್ತುವುದು ನಿಂತಿತು, ಚರಂಡಿಯ ನೀರು ಸೇರಿತು, ಸೊಳ್ಳೆ ಹೆಚ್ಚಿತು. ಮಲೇರಿಯದ ಭೀತಿಯಿಂದ ಕೆಲವನ್ನು ಒಡೆದರು, ನಿವೇಶನದ ಆಸೆಯಿಂದ ಕೆಲವನ್ನು ಮುಚ್ಚಿದರು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣ ಎದ್ದಿತು. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಇವು ಎಲ್ಲರೂ ಬಲ್ಲ ಸಂಗತಿಗಳು. ಪಶ್ಚಿಮದ ಕಥೆ ಅಷ್ಟು ಪ್ರಚಾರವಾಗಿಲ್ಲ. ಅಗಸನ ಕೆರೆ ಗಾಯತ್ರಿದೇವಿ ಉದ್ಯಾನವಾಯಿತು. ಕಾಮಾಕ್ಷಿಪಾಳ್ಯದ ಕೆರೆ ಕ್ರೀಡಾ ಮೈದಾನವಾಯಿತು. ಸಾಣೆಗುರುವನಹಳ್ಳಿಯ ಕೆರೆಯಲ್ಲಿ ಆಟದ ಮೈದಾನವೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಟ್ಟಡವೂ ಬಂದುವು. ಶಿವನಹಳ್ಳಿಯ ಕೆರೆ ಮೈದಾನವೂ ಬಸ್ ನಿಲ್ದಾಣವೂ ಆಯಿತು. ಕೇತಮಾರನಹಳ್ಳಿ, ಮಾರೇನಹಳ್ಳಿ, ಕುರುಬರಹಳ್ಳಿಗಳ ಕೆರೆಗಳಿದ್ದಲ್ಲಿ ಮನೆಗಳೇ ಎದ್ದುವು.

ಈ ಪಟ್ಟಿಯನ್ನು ದುಃಖದಿಂದಲೂ ಓದಬಹುದು, ಸಮಾಧಾನದಿಂದಲೂ ಓದಬಹುದು. ಕೆರೆ ಹೋದದ್ದು ನಷ್ಟವೇ. ಆದರೆ ಮನೆಗಳಾದ ಕೆರೆಗೂ ಮೈದಾನವಾದ ಕೆರೆಗೂ ವ್ಯತ್ಯಾಸವುಂಟು. ಮೈದಾನವಾದ ಕೆರೆಯಲ್ಲಿ ಮಣ್ಣು ಇನ್ನೂ ಆಕಾಶವನ್ನು ನೋಡುತ್ತಿದೆ. ಅಲ್ಲಿ ಮಳೆ ಬಿದ್ದರೆ ಒಳಕ್ಕೆ ಇಳಿಯಲು ಹಾದಿಯಿದೆ. ಅಂದು ಅಗಸರು ಬಟ್ಟೆ ಒಗೆದ ಕಡೆ ಇಂದು ಮಕ್ಕಳು ಜೋಕಾಲಿ ಆಡುತ್ತಾರೆ. ಸಾರ್ವಜನಿಕರ ಸ್ವತ್ತು ಸಾರ್ವಜನಿಕರ ಸ್ವತ್ತಾಗಿಯೇ ಉಳಿದಿದೆ. ಅದನ್ನಾದರೂ ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಇನ್ನು ಬಡಾವಣೆಗಳ ಕಡೆಗೆ ಬರೋಣ. 1898ರ ಪ್ಲೇಗಿನ ಹಾವಳಿ ಬೆಂಗಳೂರಿಗೆ ಒಂದು ಪಾಠ ಕಲಿಸಿತು. ಇಕ್ಕಟ್ಟಾದ ಪೇಟೆಯಲ್ಲಿ ಗಾಳಿಬೆಳಕಿಲ್ಲದೆ ಜನ ಸಾಯುವುದನ್ನು ಕಂಡ ಮೇಲೆ ಬಸವನಗುಡಿ, ಮಲ್ಲೇಶ್ವರಗಳಂಥ ಹೊಸ ಬಡಾವಣೆಗಳು ಅಗಲವಾದ ಬೀದಿಗಳೊಡನೆ ಬೆಳೆದುವು. ಬಯಲೆಂಬುದು ಸೊಗಸಿನ ಮಾತಲ್ಲ, ಆರೋಗ್ಯದ ಮಾತು ಎಂಬುದು ಅಂದೇ ಸಿದ್ಧವಾಯಿತು. 1945ರಲ್ಲಿ ನಗರಾಭಿವೃದ್ಧಿಗೆಂದು ಟ್ರಸ್ಟ್ ಬೋರ್ಡ್ ಏರ್ಪಟ್ಟಿತು. 1949ರಲ್ಲಿ, ಆಗ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರಿಯವರ ಹೆಸರಿನಲ್ಲಿ ರಾಜಾಜಿನಗರ ಉದ್ಘಾಟನೆಯಾಯಿತು. ಒಂದು ಮಗ್ಗುಲಿಗೆ ಕೈಗಾರಿಕೆಗಳ ಉಪನಗರ, ಇನ್ನೊಂದು ಮಗ್ಗುಲಿಗೆ ಕೆಲಸಗಾರರ ಮತ್ತು ಮಧ್ಯಮ ವರ್ಗದವರ ಮನೆಗಳು. ನಡುವೆ ಬ್ಲಾಕಿಗೊಂದರಂತೆ ಉದ್ಯಾನಗಳು. ಪಾಳಿ ಮುಗಿಸಿ ಬಂದ ಕಾರ್ಖಾನೆಯ ಕೆಲಸಗಾರನಿಗೆ ಹೊಗೆಯಿಂದ ದೂರದ ಒಂದಿಷ್ಟು ಹಸುರು ಬೇಕೆಂಬ ವಿವೇಕ ಅಂದಿನ ಯೋಜಕರಿಗಿತ್ತು. ಆಮೇಲೆ ವಿಜಯನಗರ, ಬಸವೇಶ್ವರನಗರಗಳು ಬೆಳೆದುವು.

1976ರಲ್ಲಿ ಟ್ರಸ್ಟ್ ಬೋರ್ಡಿನ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು. ಅದರ ಕಾಯಿದೆಯಲ್ಲಿ, ಮುಂದೆ ಸೇರಿದ ತಿದ್ದುಪಡಿಯ ಪ್ರಕಾರ, ಹೊಸ ಬಡಾವಣೆಯ ಒಟ್ಟು ನೆಲದಲ್ಲಿ ನೂರಕ್ಕೆ 15 ಪಾಲಿಗೆ ಕಡಿಮೆಯಾಗದಂತೆ ಉದ್ಯಾನ ಮತ್ತು ಮೈದಾನಗಳಿಗೆ ಮೀಸಲಿಡಬೇಕು. ಅದರ ಮೇಲೆ ನೂರಕ್ಕೆ 10 ಪಾಲನ್ನು ಶಾಲೆ, ಆಸ್ಪತ್ರೆಗಳೇ ಮೊದಲಾದ ನಾಗರಿಕ ಸೌಲಭ್ಯಗಳಿಗೆ ಮೀಸಲಿಡಬೇಕು. ಎಂದರೆ 100 ಎಕರೆಯ ಬಡಾವಣೆಯಲ್ಲಿ 15 ಎಕರೆ ಹಸುರಿಗೆ, 10 ಎಕರೆ ಸೌಲಭ್ಯಗಳಿಗೆ. ಲೆಕ್ಕ ಸ್ಪಷ್ಟವಾಗಿದೆ. ಆದರೆ ಈ ನಿಯಮ ಬರುವುದಕ್ಕೆ ಮುಂಚೆಯೇ ಹುಟ್ಟಿದ ಬಡಾವಣೆಗಳು ಎಷ್ಟೋ. ಯೋಜಿತ ಬಡಾವಣೆಗಳ ಸಂದುಗೊಂದುಗಳಲ್ಲಿ, ಮಾಗಡಿ ರಸ್ತೆಯ ಎರಡು ಪಕ್ಕಗಳಲ್ಲಿ, ಹೊಲವನ್ನೇ ಗೀಟು ಹಾಕಿ ಹಂಚಿ ಮಾರಿದ ಕಂದಾಯ ನಿವೇಶನಗಳ ಕೇರಿಗಳೂ ಬೆಳೆದುವು. ಅಲ್ಲಿ ನಕ್ಷೆಯಲ್ಲಿಯೇ ಉದ್ಯಾನವಿರಲಿಲ್ಲ; ಇದ್ದದ್ದು ಮನೆ, ಮನೆಗೆ ಅಂಟಿಕೊಂಡ ಮನೆ, ನಡುವೆ ಹದಿನೈದಡಿ ಓಣಿ.

ಇದರಿಂದ ಒಂದು ವಿಪರ್ಯಾಸ ಉಂಟಾಗಿದೆ. ಮನೆಯ ಮುಂದೆ ಕೈತೋಟವಿರುವವರ ಬ್ಲಾಕಿನಲ್ಲಿ ಉದ್ಯಾನವೂ ಇರುತ್ತದೆ. ಒಂದೇ ಕೋಣೆಯಲ್ಲಿ ಐದು ಜನ ಮಲಗುವ ಓಣಿಯಲ್ಲಿ ಗಿಡ ನೆಡಲು ಕುಂಡಕ್ಕೂ ಜಾಗವಿರುವುದಿಲ್ಲ. ಬಯಲು ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ದೂರ. ಆ ಓಣಿಯ ಮಕ್ಕಳು ನಾಲ್ಕು ಬೀದಿ ದಾಟಿ ನಮ್ಮ ಉದ್ಯಾನಕ್ಕೆ ಬಂದಾಗ “ಇವರು ನಮ್ಮ ಏರಿಯಾದವರಲ್ಲ” ಎಂದು ಮೂಗು ಮುರಿಯುವವರು ಈ ಸಂಗತಿಯನ್ನು ಒಂದು ಗಳಿಗೆ ಮನಸ್ಸಿಗೆ ತಂದುಕೊಳ್ಳಬೇಕು.

ಬಯಲಿನಿಂದ ಬರುವ ಉಪಕಾರಗಳನ್ನು ಲೆಕ್ಕ ಹಾಕಿ ನೋಡಿದರೆ ಆಶ್ಚರ್ಯವಾಗುತ್ತದೆ. ಮೊದಲನೆಯದು ತಂಪು. ಮರ ತನ್ನ ಬೇರಿನಿಂದ ಹೀರಿದ ನೀರನ್ನು ಎಲೆಗಳ ಮೂಲಕ ಆವಿಯಾಗಿ ಬಿಡುತ್ತದೆ. ನೀರು ಆವಿಯಾಗುವಾಗ ಸುತ್ತಣ ಶಾಖವನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದೇ ತತ್ತ್ವದಿಂದ. ಇದರ ಮೇಲೆ ನೆರಳಿನ ಲಾಭ ಬೇರೆ. ಬೆಂಗಳೂರಿನ ಬೀದಿಗಳಲ್ಲೇ ನಡೆಸಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮರವಿರುವ ಬೀದಿಯ ಮಧ್ಯಾಹ್ನದ ಗಾಳಿ ಮರವಿಲ್ಲದ ಬೀದಿಯದಕ್ಕಿಂತ 5.6 ಡಿಗ್ರಿ ಸೆಲ್ಸಿಯಸ್‌ನವರೆಗೆ ತಂಪಾಗಿದ್ದುದೂ, ರಸ್ತೆಯ ಡಾಂಬರು 27.5 ಡಿಗ್ರಿಯವರೆಗೆ ತಂಪಾಗಿದ್ದುದೂ ಕಂಡುಬಂತು. ಬರಿಗಾಲಿನಲ್ಲಿ ಬಿಸಿಲು ರಸ್ತೆ ದಾಟಿ ಹೊಂಗೆಯ ನೆರಳಿಗೆ ಬಂದವರಿಗೆ ಈ ಅಂಕಿ ಅಂಗಾಲಿಗೇ ಗೊತ್ತಿರುತ್ತದೆ. ಹೊಂಗೆಯ ನೆರಳನ್ನು ನಮ್ಮವರು ತಾಯಿಯ ಮಡಿಲಿಗೆ ಹೋಲಿಸುತ್ತ ಬಂದದ್ದು ಸುಮ್ಮನೆ ಅಲ್ಲ.

ಎರಡನೆಯದು ನೀರು. ಒಂದು ಎಕರೆಯೆಂದರೆ ಸುಮಾರು 4,047 ಚದರ ಮೀಟರು. ಒಂದು ಸಂಜೆ 50 ಮಿಲಿಮೀಟರು ಮಳೆ ಬಿದ್ದರೆ ಆ ಒಂದು ಎಕರೆಯ ಮೇಲೆ ಸುಮಾರು ಎರಡು ಲಕ್ಷ ಲೀಟರು ನೀರು ಸುರಿದಂತಾಯಿತು. 6,000 ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ 33 ಟ್ಯಾಂಕರು! ಆ ನೆಲ ಮಣ್ಣೂ ಹುಲ್ಲೂ ಆಗಿದ್ದರೆ ಅದರಲ್ಲಿ ಬಹುಭಾಗ ನಿಧಾನವಾಗಿ ಒಳಕ್ಕೆ ಇಳಿಯುತ್ತದೆ. ಅದೇ ನೆಲಕ್ಕೆ ಸಿಮೆಂಟು ಬಳಿದರೆ ಅಷ್ಟೂ ನೀರು ಕೆಲವೇ ನಿಮಿಷಗಳಲ್ಲಿ ಬೀದಿಗೆ ನುಗ್ಗಿ, ಬೀದಿಯಿಂದ ಮೋರಿಗೆ, ಮೋರಿಯಿಂದ ತಗ್ಗಿನ ಮನೆಗಳಿಗೆ ಹೋಗುತ್ತದೆ. ಹಳೆಯ ಕೆರೆಯಂಗಳದ ಮನೆಗಳಿಗೆ ಮಳೆಗಾಲದಲ್ಲಿ ನೀರು ನುಗ್ಗಿದರೆ ಅದರಲ್ಲಿ ನೀರಿನ ತಪ್ಪೇನೂ ಇಲ್ಲ. ನೂರಾರು ವರ್ಷ ನಡೆದ ದಾರಿಯನ್ನೇ ಅದು ಹಿಡಿದು ಬರುತ್ತದೆ. 2024ರ ಬೇಸಗೆಯಲ್ಲಿ ನಗರದ ಕೊಳವೆಬಾವಿಗಳು ಬತ್ತಿ ಜನ ಕೊಡ ಹಿಡಿದು ನಿಂತದ್ದನ್ನು ಯಾರೂ ಮರೆತಿಲ್ಲ. ಮಳೆಗಾಲದಲ್ಲಿ ನೆಲಕ್ಕೆ ಕುಡಿಸದಿದ್ದರೆ ಬೇಸಗೆಯಲ್ಲಿ ನೆಲ ಎಲ್ಲಿಂದ ಕೊಟ್ಟೀತು? ಆದುದರಿಂದ ಉದ್ಯಾನದ ‘ಅಭಿವೃದ್ಧಿ’ ಎಂದು ನಡುದಾರಿಯನ್ನೂ ಬದಿದಾರಿಯನ್ನೂ ಹಾಸುಗಲ್ಲಿನಿಂದ ಮುಚ್ಚಿ, ಕಾರಂಜಿಯ ತೊಟ್ಟಿ, ಕಮಾನು, ಪ್ರತಿಮೆಗಳನ್ನು ಕಟ್ಟುವ ಉತ್ಸಾಹ ಬಂದಾಗ, ಮಣ್ಣು ಎಷ್ಟು ಉಳಿಯಿತು ಎಂದು ಒಂದು ಮಾತು ಕೇಳುವುದು ಒಳ್ಳೆಯದು.

ಮೂರನೆಯದು ಆಟ. ಇದನ್ನು ಕಡೆಗೆ ಹೇಳಿದೆನಾದರೂ ಇದು ಎಲ್ಲಕ್ಕಿಂತ ಮುಖ್ಯವಾದದ್ದು. ನಮ್ಮ ಹಳೆಯ ಆಟಗಳನ್ನು ನೆನೆಸಿಕೊಳ್ಳಿ. ಚಿನ್ನಿದಾಂಡಿಗೆ ಚಿನ್ನಿಯನ್ನು ಎಬ್ಬಿಸಲು ಮಣ್ಣಿನಲ್ಲಿ ಒಂದು ಗುಣಿ ತೋಡಬೇಕು. ಲಗೋರಿಗೆ ಚಪ್ಪಟೆ ಕಲ್ಲು ಏಳು ಬೇಕು, ಓಡಿ ತಪ್ಪಿಸಿಕೊಳ್ಳಲು ನಾಲ್ಕೂ ದಿಕ್ಕು ಬೇಕು. ಕುಂಟೆಬಿಲ್ಲೆಗೆ ನೆಲದ ಮೇಲೆ ಗೀಟೆಳೆಯುವ ಸ್ವಾತಂತ್ರ್ಯ ಬೇಕು. ಕಬಡ್ಡಿಗೆ ಬಿದ್ದರೂ ಮಂಡಿ ಒಡೆಯದ ಮೆತ್ತನೆಯ ನೆಲ ಬೇಕು. ಮರಕೋತಿಗೆ ಕೊಂಬೆ ತಗ್ಗಾದ ಒಂದು ಮರ ಬೇಕು. ಬೆಲೆ ಕೊಟ್ಟು ತರಬೇಕಾದ ಸಾಮಗ್ರಿ ಯಾವುದೂ ಇಲ್ಲ, ಬೇಕಾದದ್ದೆಲ್ಲ ನೆಲವೇ. ಇಂದಿನ ಅಚ್ಚುಕಟ್ಟಾದ ಉದ್ಯಾನದಲ್ಲಿ ಗುಣಿ ತೋಡಿದರೆ ಮಾಲಿ ಬೈಯುತ್ತಾನೆ, ಗೀಟೆಳೆದರೆ ಕಾವಲುಗಾರ ಅಟ್ಟುತ್ತಾನೆ, ಮರ ಹತ್ತಿದರೆ ಎಲ್ಲರೂ ಕೂಗುತ್ತಾರೆ. ಹುಡುಗ ಮನೆಗೆ ಹೋಗಿ ಮೊಬೈಲು ಹಿಡಿದು ಕುಳಿತರೆ “ಈಗಿನ ಮಕ್ಕಳಿಗೆ ಆಟವೇ ಬೇಡ” ಎಂದು ನಾವೇ ಆಕ್ಷೇಪಿಸುತ್ತೇವೆ!

ಹೊರದೇಶದ ಒಂದು ನಿದರ್ಶನವನ್ನು ಇಲ್ಲಿ ಹೇಳಬಹುದು. ಡೆನ್ಮಾರ್ಕಿನ ಉದ್ಯಾನ ಶಿಲ್ಪಿ ಸೋರೆನ್ಸೆನ್ ಎಂಬುವರು ಮಕ್ಕಳು ತಾವು ಸಿದ್ಧಪಡಿಸಿದ ಸೊಗಸಾದ ಆಟದ ತಾಣಗಳನ್ನು ಬಿಟ್ಟು, ಕಟ್ಟಡ ಕಟ್ಟುವ ಕಡೆಯ ಹಲಗೆ, ಇಟ್ಟಿಗೆ, ಮಣ್ಣಿನ ರಾಶಿಗಳಲ್ಲಿ ಹೆಚ್ಚು ಸಂತೋಷವಾಗಿ ಆಡುವುದನ್ನು ಗಮನಿಸಿದರು. ಅವರ ಆಲೋಚನೆಯ ಫಲವಾಗಿ 1943ರಲ್ಲಿ, ಮಹಾಯುದ್ಧದ ಮಧ್ಯದಲ್ಲಿ, ಕೋಪನ್‌ಹೇಗನ್ ನಗರದ ಎಮ್‌ಡ್ರುಪ್ ಎಂಬ ಬಡಾವಣೆಯಲ್ಲಿ ಒಂದು ವಿಚಿತ್ರ ಮೈದಾನ ತೆರೆಯಿತು. ಅಲ್ಲಿ ಜಾರುಬಂಡೆಯಿಲ್ಲ, ಉಯ್ಯಾಲೆಯಿಲ್ಲ. ಮಕ್ಕಳಿಗೆ ಸಿಕ್ಕಿದ್ದು ಮಣ್ಣು, ಹಳೆಯ ಹಲಗೆ, ಹಗ್ಗ, ಮತ್ತು ಕಣ್ಣಿಟ್ಟು ನೋಡಿಕೊಳ್ಳಲು ಒಬ್ಬ ದೊಡ್ಡವರು. ಈ ಮಾದರಿ ಮುಂದೆ ಅನೇಕ ದೇಶಗಳಿಗೆ ಹರಡಿತು. ನಮ್ಮ ಗುಂಡುತೋಪಿನ ಮಕ್ಕಳಿಗೆ ಇದರಲ್ಲಿ ಹೊಸತೇನೂ ಕಾಣುತ್ತಿರಲಿಲ್ಲ. ಉದ್ಯಾನದ ಒಂದು ಮೂಲೆಯನ್ನಾದರೂ ಹಾಸುಗಲ್ಲಿಲ್ಲದೆ, ಹೂಪಾತಿಯಿಲ್ಲದೆ, ಬರೀ ಮಣ್ಣಾಗಿ ಮಕ್ಕಳಿಗೆ ಬಿಟ್ಟರೆ ಖರ್ಚೂ ಕಡಿಮೆ, ಉಪಯೋಗವೂ ಹೆಚ್ಚು.

ಮೈದಾನವಿದ್ದ ಕಡೆಯೂ ಅದು ಎಲ್ಲರದಾಗಿದೆಯೇ ಎಂಬುದನ್ನು ನೋಡಬೇಕು. ದೊಡ್ಡ ಹುಡುಗರ ಕ್ರಿಕೆಟ್ಟು ಮೈದಾನವನ್ನು ಪೂರ್ತಿಯಾಗಿ ಆಕ್ರಮಿಸಿಕೊಂಡರೆ ಚಿಕ್ಕ ಮಕ್ಕಳು ಬೇಲಿಯ ಅಂಚಿಗೆ ಸರಿಯುತ್ತಾರೆ. ಹೆಣ್ಣುಮಕ್ಕಳಂತೂ ಹತ್ತು ಹನ್ನೆರಡು ವರ್ಷ ದಾಟುತ್ತಲೇ ಅಲ್ಲಿಂದ ಮಾಯವಾಗುತ್ತಾರೆ. ಅವರಿಗೆ ಆಟದಲ್ಲಿ ಆಸೆಯಿಲ್ಲವೆಂದಲ್ಲ. ದೀಪವಿಲ್ಲದ ಮೂಲೆ, ಶೌಚಾಲಯದ ಅಭಾವ, ಗೇಟಿನ ಬಳಿ ನಿಂತ ಪಡ್ಡೆ ಹುಡುಗರ ಗುಂಪು — ಈ ಮೂರನ್ನು ಸರಿಪಡಿಸಿದರೆ ಅವರು ತಾವಾಗಿಯೇ ಬರುತ್ತಾರೆ. ಹಾಗೆಯೇ ಉದ್ಯಾನಕ್ಕೆ ಮಧ್ಯಾಹ್ನ ಬೀಗ ಹಾಕುವ ಪದ್ಧತಿ ನಮ್ಮ ನಗರದಲ್ಲಿ ಬಹುಕಾಲದಿಂದ ನಡೆದುಬಂದದ್ದು. ಬೆಳಿಗ್ಗೆ, ಸಂಜೆ ನಡೆಯುವವರಿಗೆ ಅದರಿಂದ ತೊಂದರೆಯಿಲ್ಲ. ಆದರೆ ಉರಿಬಿಸಿಲಿನಲ್ಲಿ ನೆರಳು ಬೇಕಾದವರು ಪೌರಕಾರ್ಮಿಕರು, ತಳ್ಳುಗಾಡಿಯವರು, ಎರಡು ಮನೆಯ ಕೆಲಸದ ನಡುವೆ ಒಂದು ಗಂಟೆ ಬಿಡುವಿರುವ ಹೆಂಗಸರು, ಊಟದ ಡಬ್ಬಿ ಬಿಚ್ಚಲು ಜಾಗ ಹುಡುಕುವ ಸಾಮಾನು ಸಾಗಿಸುವ ಹುಡುಗರು. ದಾರಿಹೋಕನಿಗೆ ತೋಪಿನ ನೆರಳು ಕೊಟ್ಟ ನಾಡು ನಮ್ಮದು. ಮಧ್ಯಾಹ್ನದ ನೆರಳಿಗೆ ಬೀಗ ಹಾಕುವುದು ನಮಗೆ ಶೋಭಿಸುವುದಿಲ್ಲ.

ರೇಡಿಯೋ ಕೇಳುವ ಮನೆಗಳಿಗೆ ಪ್ರಿಯವಾಗಬಹುದಾದ ಒಂದು ಹಳೆಯ ಸಂಗತಿಯನ್ನೂ ಹೇಳಬೇಕು. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರವನ್ನು ತೆರೆದು ‘ಆಕಾಶವಾಣಿ’ ಎಂಬ ಹೆಸರು ಸಲ್ಲುವಂತೆ ಮಾಡಿದರು. 1955ರ ನವೆಂಬರಿನಲ್ಲಿ ಬೆಂಗಳೂರು ಕೇಂದ್ರ ಆರಂಭವಾಯಿತು. ಆ ಕಾಲಕ್ಕೆ ಮನೆಮನೆಗೂ ರೇಡಿಯೋ ಇರಲಿಲ್ಲ. ಆದ್ದರಿಂದ ನಮ್ಮ ಊರುಗಳ ಸಾರ್ವಜನಿಕ ಉದ್ಯಾನಗಳಲ್ಲಿ ಒಂದು ಸಣ್ಣ ರೇಡಿಯೋ ಕಟ್ಟಡವಿದ್ದು, ಸಂಜೆಯಾಗುತ್ತಲೇ ಧ್ವನಿವರ್ಧಕದಲ್ಲಿ ವಾರ್ತೆ, ಸಂಗೀತ, ಭಾಷಣಗಳು ಕೇಳಿಬರುತ್ತಿದ್ದುವು. ಕಡಲೆಕಾಯಿಯ ಪೊಟ್ಟಣ ಹಿಡಿದು, ಹುಲ್ಲಿನ ಮೇಲೆ ಕುಳಿತು, ಪರಿಚಯವಿಲ್ಲದವರ ಪಕ್ಕದಲ್ಲೇ ಜನ ವಾರ್ತೆ ಕೇಳಿದರು, ಚರ್ಚೆಮಾಡಿದರು. ಕೆಲವು ಹಳೆಯ ಉದ್ಯಾನಗಳಲ್ಲಿ ಆ ಪುಟ್ಟ ಕಟ್ಟಡ ಇಂದಿಗೂ ಮೌನವಾಗಿ ನಿಂತಿರುವುದನ್ನು ಕಾಣಬಹುದು. ನೆರೆಹೊರೆಯೆಂಬುದು ಹುಟ್ಟುವುದು ಇಂಥ ಕಡೆಗಳಲ್ಲಿ. ಗೋಡೆಗೆ ಗೋಡೆ ಅಂಟಿಕೊಂಡ ಮಾತ್ರಕ್ಕೆ ಅದು ಹುಟ್ಟುವುದಿಲ್ಲ.

ಇಷ್ಟೊಂದು ಉಪಕಾರವಿದ್ದರೂ ಬಯಲಿಗೆ ಅಪಾಯ ಬರುವುದೇಕೆ? ಕಾರಣ ಸರಳ. ಒಂದು ಎಕರೆಯಲ್ಲಿ 30 ಅಡಿ 40 ಅಡಿಯ ನಿವೇಶನಗಳು 36 ಹಿಡಿಯುತ್ತವೆ. ನಗರದ ನಡುವೆ ಆ 36 ನಿವೇಶನಗಳ ಬೆಲೆ ಏನಾದೀತೆಂದು ಓದುಗರೇ ಊಹಿಸಿಕೊಳ್ಳಬಹುದು. ಖಾಲಿ ನೆಲ ಕಂಡರೆ ಸಮುದಾಯ ಭವನ, ವಾಹನ ನಿಲ್ದಾಣ, ಕಛೇರಿ, ದೇವಸ್ಥಾನ ಹೀಗೆ ಒಂದಲ್ಲ ಒಂದು ಒಳ್ಳೆಯ ಕಾರಣ ಹುಟ್ಟುತ್ತದೆ. ಕೆಟ್ಟ ಕಾರಣವನ್ನು ಎದುರಿಸುವುದು ಸುಲಭ. ಒಳ್ಳೆಯ ಕಾರಣವನ್ನು ಎದುರಿಸುವುದೇ ಕಷ್ಟ.

ಇದಕ್ಕೆ ನಮ್ಮ ಊರಿನದೇ ಒಂದು ಮೊಕದ್ದಮೆ ದೇಶಕ್ಕೆಲ್ಲ ದಾರಿದೀಪವಾಗಿದೆ. ರಾಜಮಹಲ್ ವಿಲಾಸ ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಒಂದು ಜಾಗವನ್ನು 1976ರಲ್ಲಿ ಒಂದು ಖಾಸಗಿ ವೈದ್ಯಕೀಯ ಟ್ರಸ್ಟಿಗೆ ನರ್ಸಿಂಗ್ ಹೋಮ್ ಕಟ್ಟಲು ಕೊಡುವಂತೆ ಸರ್ಕಾರದ ಆದೇಶವಾಯಿತು. ನೆರೆಯ ನಿವಾಸಿಗಳು ನ್ಯಾಯಾಲಯದ ಮೊರೆಹೊಕ್ಕರು. ಉಚ್ಚ ನ್ಯಾಯಾಲಯದ ವಿಭಾಗ ಪೀಠ ಅವರ ಪರವಾಗಿ ತೀರ್ಪು ಕೊಟ್ಟಿತು. ಟ್ರಸ್ಟು ಸುಪ್ರೀಂ ಕೋರ್ಟಿಗೆ ಹೋಯಿತು. ‘ಬೆಂಗಳೂರು ಮೆಡಿಕಲ್ ಟ್ರಸ್ಟ್ ಎದುರು ಬಿ. ಎಸ್. ಮುದ್ದಪ್ಪ’ ಎಂದು ಪ್ರಸಿದ್ಧವಾದ ಈ ಮೊಕದ್ದಮೆಯಲ್ಲಿ 1991ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ವಾದವನ್ನೇ ಎತ್ತಿಹಿಡಿಯಿತು. ತೀರ್ಪಿನ ಸಾರಾಂಶ ಇಷ್ಟು: ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ನೆಲ ಜನರ ಆರೋಗ್ಯಕ್ಕೂ ಮಕ್ಕಳ ಆಟಕ್ಕೂ ವೃದ್ಧರ ವಿಶ್ರಾಂತಿಗೂ ಮೀಸಲಾದದ್ದು, ಅಧಿಕಾರದಲ್ಲಿರುವವರು ಕಾನೂನಿನ ಕ್ರಮವನ್ನು ಬಿಟ್ಟು ಅದನ್ನು ಖಾಸಗಿಯವರಿಗೆ ಕೊಡಲಾಗದು, ಆಸ್ಪತ್ರೆ ಉಪಯುಕ್ತವಾದದ್ದೇ ಆದರೂ ಉದ್ಯಾನಕ್ಕೆ ಅದು ಬದಲಿಯಾಗಲಾರದು, ಮತ್ತು ಆ ಜಾಗದ ಒಡೆಯರಲ್ಲದಿದ್ದರೂ ಆ ಬಡಾವಣೆಯ ನಿವಾಸಿಗಳಿಗೆ ಪ್ರಶ್ನಿಸುವ ಹಕ್ಕುಂಟು. ಈ ಕಡೆಯ ಮಾತು ಬಹು ಮುಖ್ಯವಾದದ್ದು. ಉದ್ಯಾನದ ಪಕ್ಕದ ಮನೆಯ ಸಾಮಾನ್ಯ ಪೌರನೂ ಅದರ ಕಾವಲುಗಾರನೆಂದು ದೇಶದ ಅತ್ಯುಚ್ಚ ನ್ಯಾಯಾಲಯ ಒಪ್ಪಿದಂತಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಖಾಲಿ ಬಿದ್ದ ಜಾಗವೆಲ್ಲ ಮೈದಾನವಲ್ಲ. ಹಿಂದೆ ಹೇಳಿದ ನೂರಕ್ಕೆ 10 ಪಾಲಿನ ನಾಗರಿಕ ಸೌಲಭ್ಯದ ನಿವೇಶನ, ಜನ ‘ಸಿ. ಎ. ಸೈಟು’ ಎನ್ನುವುದು, ಎಷ್ಟೋ ವರ್ಷ ಖಾಲಿ ಇರುತ್ತದೆ. ಮಕ್ಕಳು ಅದರಲ್ಲಿ ಆಡಿ ಬೆಳೆಯುತ್ತಾರೆ. ಒಂದು ದಿನ ಬೆಳಿಗ್ಗೆ ಅಲ್ಲಿ ಜಲ್ಲಿಯ ಲಾರಿ ಬಂದು ನಿಲ್ಲುತ್ತದೆ. ಅಲ್ಲಿ ಶಾಲೆಯನ್ನೋ ಆಸ್ಪತ್ರೆಯನ್ನೋ ಕಟ್ಟಲು ಕಾನೂನಿನಲ್ಲಿ ಅಡ್ಡಿಯಿಲ್ಲ. ಉದ್ಯಾನಕ್ಕೆ ಅಥವಾ ಮೈದಾನಕ್ಕೆಂದು ಮೀಸಲಾದ ನೆಲದ ವಿಷಯ ಹಾಗಲ್ಲ: ಅದನ್ನು ಬೇರೆ ಉದ್ದೇಶಕ್ಕೆ ಮಾರಿದರೆ ಅಥವಾ ವಿಲೇವಾರಿ ಮಾಡಿದರೆ ಆ ವ್ಯವಹಾರವೇ ಅಸಿಂಧುವೆಂದು ಪ್ರಾಧಿಕಾರದ ಕಾಯಿದೆಯ 38-ಎ ವಿಧಿ ಸಾರುತ್ತದೆ. ಆದ್ದರಿಂದ ಲಾರಿ ಬಂದ ಮೇಲೆ ಓಡಾಡುವುದಕ್ಕಿಂತ ಮುಂಚಿತವಾಗಿಯೇ ನಮ್ಮ ಬಡಾವಣೆಯ ಮಂಜೂರಾದ ನಕ್ಷೆಯಲ್ಲಿ ಆ ಜಾಗಕ್ಕೆ ಏನೆಂದು ಹೆಸರಿದೆ ಎಂದು ತಿಳಿದಿರುವುದು ಜಾಣತನ. 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಆ ನಕ್ಷೆಯ ಪ್ರತಿಯನ್ನು ಯಾರು ಬೇಕಾದರೂ ಅರ್ಜಿ ಹಾಕಿ ಪಡೆಯಬಹುದು. ಉದ್ಯಾನ, ಮೈದಾನ, ಬಯಲುಗಳ ಪಟ್ಟಿಯನ್ನು ನಕ್ಷೆಯೊಡನೆ ಸಿದ್ಧಪಡಿಸಬೇಕೆಂದು 1985ರ ಕಾಯಿದೆಯೂ ವಿಧಿಸಿದೆ. ನಮ್ಮ ಜಾಗದ ಹೆಸರು ಆ ಪಟ್ಟಿಯಲ್ಲಿ ಇದೆಯೇ ಎಂದು ವಿಚಾರಿಸುವುದಕ್ಕೆ ಹೆಚ್ಚಿನ ಶ್ರಮವೇನೂ ಬೇಡ.

ಹಸುರೆಲ್ಲವನ್ನೂ ಉದ್ಯಾನ ಮಾಡಬೇಕೆಂಬ ಹಟವೂ ಸಲ್ಲದು. ಕೆಂಗೇರಿಯ ಕಡೆಗೆ ಹೋದರೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯ ಸಾವಿರಕ್ಕೂ ಹೆಚ್ಚು ಎಕರೆಯ ಆವರಣವಿದೆ; ದಕ್ಷಿಣಕ್ಕೆ ಸರಿದರೆ ತುರಹಳ್ಳಿಯ ಕಾಡಿದೆ. 2021ರಲ್ಲಿ ತುರಹಳ್ಳಿಯಲ್ಲಿ ವೃಕ್ಷೋದ್ಯಾನವನ್ನು ಮಾಡುವ ಯೋಜನೆ ಹೊರಟಾಗ ಅನೇಕ ನಾಗರಿಕರು ಅದನ್ನು ವಿರೋಧಿಸಿದರು. ‘ಕಾಡು ಕಾಡಾಗಿಯೇ ಇರಲಿ’ ಎಂಬುದು ಅವರ ವಾದ. ಕುರುಚಲು ಗಿಡ, ಹುಲ್ಲು, ಬಂಡೆಗಳ ನಡುವೆ ಬದುಕುವ ಹಕ್ಕಿ, ಚಿಟ್ಟೆ, ನವಿಲುಗಳಿಗೆ ಬೆಂಚೂ ಬೇಡ, ದೀಪದ ಕಂಬವೂ ಬೇಡ. ಬಡಾವಣೆಯ ನಡುವೆ ಉದ್ಯಾನ ಬೇಕು; ಊರಿನ ಅಂಚಿನಲ್ಲಿ ಕಾಡು ಬೇಕು. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

2025ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನಕ್ಕೆ ಐದು ನಗರ ಪಾಲಿಕೆಗಳು ಬಂದುವು. ರಾಜಾಜಿನಗರ, ವಿಜಯನಗರಗಳು ಈಗ ಪಶ್ಚಿಮ ನಗರ ಪಾಲಿಕೆಗೆ ಸೇರಿವೆ. ಕಛೇರಿಗಳು ಬದಲಾದಾಗ ಕಡತಗಳು ಒಂದು ಕಪಾಟಿನಿಂದ ಇನ್ನೊಂದಕ್ಕೆ ಹೋಗುತ್ತವೆ. ಅಂಥ ಹೊತ್ತಿನಲ್ಲಿ ಯಾವ ನೆಲ ಯಾರದೆಂಬುದನ್ನು ಜನರೂ ನೆನಪಿಟ್ಟುಕೊಂಡಿರಬೇಕು. ಹೀಗಾಗಿ ನಿವಾಸಿಗಳ ಸಂಘಗಳು ಮಾಡಬಹುದಾದ ಕೆಲಸಗಳು ಕೆಲವುಂಟು. ನಕ್ಷೆಯ ಪ್ರತಿಯನ್ನು ತರಿಸಿ ಸಂಘದ ಕೋಣೆಯಲ್ಲಿ ತೂಗುಹಾಕುವುದು. ಉದ್ಯಾನದಲ್ಲಿ ಹೊಸ ಕಟ್ಟಡವೆದ್ದರೆ ಇಪ್ಪತ್ತರಲ್ಲಿ ಒಂದರ ಮಿತಿಯನ್ನು ಅಳೆದು ನೋಡುವುದು. ಮಳೆನೀರು ಇಂಗುವಂತೆ ಮಣ್ಣನ್ನು ಬಿಡಿಸುವುದು. ಒಂದೇ ಜಾಗವಿದ್ದ ಕಡೆ ಹೊತ್ತನ್ನು ಹಂಚಿಕೊಳ್ಳುವುದು — ಮುಂಜಾನೆ ಹಿರಿಯರಿಗೆ, ಶಾಲೆ ಬಿಟ್ಟ ಮೇಲಿನ ಎರಡು ಗಂಟೆ ಮಕ್ಕಳಿಗೆ, ಮಧ್ಯಾಹ್ನ ದಣಿದವರಿಗೆ. ಶಾಲೆಗಳ ಮೈದಾನ ರಜಾದಿನಗಳಲ್ಲಿ ಬೀಗದೊಳಗೆ ಸುಮ್ಮನೆ ಒಣಗುತ್ತಿರುತ್ತದೆ. ಆಡಳಿತದವರೊಡನೆ ಮಾತಾಡಿ ನೆರೆಯ ಮಕ್ಕಳಿಗೆ ತೆರೆಸುವುದು. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಹಣ ಬೇಡ.

ಮೊದಲು ಹೇಳಿದ ಹುಡುಗನ ಪ್ರಶ್ನೆಗೆ ಈಗ ಹಿಂದಿರುಗಬಹುದು. “ಮೈದಾನ ಎಲ್ಲಿದೆ ತಾತಾ?” ಆ ತಾತನವರು ಚಿಕ್ಕವರಾಗಿದ್ದಾಗ ಯಾವುದೋ ಕೆರೆಯಂಗಳದಲ್ಲಿ, ಯಾವುದೋ ತೋಪಿನಲ್ಲಿ ಕತ್ತಲಾಗುವವರೆಗೆ ಆಡಿ ಬಂದವರು. ಆಗ ಯಾರೂ ಅವರನ್ನು ಮೈದಾನಕ್ಕೆ ಹೋಗೆಂದು ಅಟ್ಟಬೇಕಾಗಿರಲಿಲ್ಲ. ನಾಳೆ ಸಂಜೆ ಅವರು ಸುತ್ತು ಹಾಕುವುದನ್ನು ಅರ್ಧ ಗಂಟೆ ಬಿಟ್ಟು, ನಾಲ್ಕು ಮಂದಿ ಗೆಳೆಯರೊಡನೆ ಕೂತು, ‘ನಮ್ಮ ಬಡಾವಣೆಯ ನಕ್ಷೆಯಲ್ಲಿ ಮೈದಾನವೆಂದು ಎಲ್ಲಿ ಬರೆದಿದೆ?’ ಎಂದು ವಿಚಾರಿಸಲು ತೊಡಗಿದರೆ, ಆ ಹುಡುಗನಿಗೆ ಉತ್ತರ ಸಿಕ್ಕೀತು. ಅಲ್ಲಿಯವರೆಗೆ ಆ ಫಲಕದ ಕೆಳಗೆ ಅವನಿಗೂ ಅವನ ಚೆಂಡಿಗೂ ಒಂದಿಷ್ಟು ಜಾಗ ಬಿಡೋಣ.